ಎಫ್‌ಎಸ್‌ಸಿಕೆ ಮಾಡಿದರೂ ಮತ್ತೆ ಬರುವ ದೋಷ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೂಲ ಹುಡುಕುವ ಬಗೆ

ಲ್ಯಾಪ್‌ಟಾಪ್ ಚಾಲೂ ಮಾಡಿದರೆ ಡೆಸ್ಕ್‌ಟಾಪ್ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಪ್ರಾಂಪ್ಟ್, ಅದರ ಹಿಂದೆ ‘ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಅಲಿ’ ಎಂಬ ಸಾಲು. ಫೈಲ್ ಸಿಸ್ಟಂ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿ, ಕೇಳಿದ್ದಕ್ಕೆಲ್ಲ ‘ವೈ’ ಒತ್ತಿದರೆ ಮಷಿನ್ ಏಳುತ್ತದೆ. ಎಂಟು ದಿನ ಬಿಟ್ಟು ಮತ್ತೆ ಅದೇ ಪರದೆ. ಅಥವಾ ಕೆಲಸ ನಡೆದಿರುವಾಗಲೇ ಯಾವ ಫೈಲೂ ಸೇವ್ ಆಗುವುದಿಲ್ಲ, ‘ರೀಡ್ ಓನ್ಲಿ ಫೈಲ್ ಸಿಸ್ಟಂ’ ಎನ್ನುತ್ತದೆ.

ಒಂದು ಸಲ ಬಂದರೆ ಬಿಡಬಹುದು. ಎರಡನೇ ಸಲ ಬಂತೆಂದರೆ ಎಫ್‌ಎಸ್‌ಸಿಕೆ ಬಿಟ್ಟು ಬೇರೆ ಕಡೆ ನೋಡಬೇಕು. ಆ ಕಮಾಂಡ್ ಡ್ರೈವ್‌ನಲ್ಲಿರುವ ಲೆಕ್ಕದ ತಾಳೆ ಸರಿಪಡಿಸುತ್ತದೆ, ಲೆಕ್ಕ ಕೆಡಿಸಿದ್ದು ಯಾವುದೆಂದು ಕೇಳುವುದಿಲ್ಲ. ಕೆಡಿಸುವುದು ಸಾಮಾನ್ಯವಾಗಿ ಈ ಐದರಲ್ಲಿ ಒಂದು: ಸಾಯುತ್ತಿರುವ ಡ್ರೈವ್, ಡ್ರೈವ್ ಕೂಡುವ ಕನೆಕ್ಟರ್, ಕೆಟ್ಟ ರ‍್ಯಾಮ್, ಕರೆಂಟ್ ಹೋದಾಗ ದಿಢೀರ್ ಬಂದ್ ಆಗುವುದು, ಹೈಬರ್ನೇಟ್ ಆದ (ರ‍್ಯಾಮ್‌ನಲ್ಲಿದ್ದದ್ದನ್ನು ಡ್ರೈವ್‌ಗೆ ಬರೆದಿಟ್ಟು ಮಲಗಿದ) ಸಿಸ್ಟಂನ ಪಾರ್ಟಿಷನ್‌ಗೆ, ಅಂದರೆ ಡ್ರೈವ್‌ನ ಭಾಗಕ್ಕೆ, ಇನ್ನೊಂದು ಸಿಸ್ಟಂ ಕೈಹಾಕುವುದು. ವಿಜಯಪುರ, ಬಾಗಲಕೋಟೆ ಕಡೆ ನಾಲ್ಕನೆಯದನ್ನೂ, ಬೆಳಗಾವಿಯ ಮಳೆಗಾಲದಲ್ಲಿ ಎರಡನೆಯದನ್ನೂ ಮೊದಲು ಅನುಮಾನಿಸಿ.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ‘/ಡೆವ್/ಎಸ್‌ಡಿಎ2’ ಎಂದಿರುವಲ್ಲಿ ನಿಮ್ಮ ಪಾರ್ಟಿಷನ್ ಹೆಸರು ಹಾಕಿಕೊಳ್ಳಿ. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್ಟ್4 ಫೈಲ್ ಸಿಸ್ಟಂ ಹಿಡಿದು ಬರೆದದ್ದು ಇದು. ಬೇರೆಯವಕ್ಕೆ ಕೊನೆಯ ಹೊತ್ತಿಗೆ ಎರಡು ಮಾತು ಇದೆ.

ಮೊದಲು ಡೇಟಾ ಹೊರಗೆ

ಡ್ರೈವ್ ಸಾಯುತ್ತಿದ್ದರೆ ಎಫ್‌ಎಸ್‌ಸಿಕೆ ಅದರ ಮೇಲೆ ಇನ್ನಷ್ಟು ಬರೆಯುತ್ತದೆ. ರ‍್ಯಾಮ್ ಕೆಟ್ಟಿದ್ದರೆ ತಪ್ಪು ಓದಿ, ಸರಿ ಇದ್ದದ್ದನ್ನೂ ‘ರಿಪೇರಿ’ ಮಾಡಿ ಕೆಡಿಸುತ್ತದೆ. ಹಾಗಾಗಿ ‘ವೈ’ ಒತ್ತುವ ಮೊದಲೇ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಉಬುಂಟು ಅಥವಾ ಮಿಂಟ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವೇ ಸಾಕು, ‘ಟ್ರೈ’ ಆಯ್ಕೆ ಕಂಡರೆ ಅದನ್ನೇ ಒತ್ತಿ.

ಎಲ್‌ಎಸ್‌ಬಿಎಲ್‌ಕೆ -ಎಫ್

ಇದು ಯಾವ ಪಾರ್ಟಿಷನ್ ಯಾವ ಫೈಲ್ ಸಿಸ್ಟಂ ಎಂದು ತೋರಿಸುತ್ತದೆ. ಬಳಿಕ ಬರೆಯಲು ಬಾರದಂತೆ ಮೌಂಟ್ ಮಾಡಿ (ಅಂದರೆ ಆ ಪಾರ್ಟಿಷನನ್ನು ಒಂದು ಫೋಲ್ಡರಿಗೆ ಜೋಡಿಸಿ ತೆರೆಯಿರಿ):

ಸುಡೊ ಮೌಂಟ್ -ಒ ಆರ್‌ಒ,ನೊಲೋಡ್ /ಡೆವ್/ಎಸ್‌ಡಿಎ2 /ಎಂಎನ್‌ಟಿ

‘ಆರ್‌ಒ’ ಒಂದೇ ಹಾಕಿದರೆ ಸಾಲದು. ಬರೀ ಓದಲು ಮೌಂಟ್ ಮಾಡಿದರೂ ಎಕ್ಸ್ಟ್4 ತನ್ನ ಜರ್ನಲ್‌ನಲ್ಲಿ (ಮಾಡಬೇಕಾದ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಜಾಗ) ಬಾಕಿ ಇದ್ದದ್ದನ್ನು ಡ್ರೈವ್‌ಗೆ ಬರೆದುಬಿಡುತ್ತದೆ. ಅದನ್ನು ತಡೆಯುವುದು ‘ನೊಲೋಡ್’. ಹೋಮ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಆ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಒಂದೊಂದೇ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎಕ್ಸ್ಟ್4 ಇರಲಿ.

ಕಾಪಿ ಮಾಡುವಾಗ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದರೆ, ಕಾಪಿ ನಿಲ್ಲಿಸಿ. ಇಡೀ ಡ್ರೈವಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಬಳಸಿ (ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ). ಹೊರಗಿನ ಡಿಸ್ಕ್ ನಿಮ್ಮ ಡ್ರೈವ್‌ಗಿಂತ ದೊಡ್ಡದಿರಬೇಕು. ಅದು ‘/ಮೀಡಿಯಾ/ಬ್ಯಾಕಪ್’ನಲ್ಲಿದೆ ಎಂದುಕೊಂಡರೆ:

ಸುಡೊ ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಎ /ಮೀಡಿಯಾ/ಬ್ಯಾಕಪ್/ಡಿಸ್ಕ್.ಐಎಂಜಿ /ಮೀಡಿಯಾ/ಬ್ಯಾಕಪ್/ಡಿಸ್ಕ್.ಮ್ಯಾಪ್

ಇದು ಸುಲಭವಾಗಿ ಓದುವ ಭಾಗ ಮೊದಲು ತೆಗೆದುಕೊಳ್ಳುತ್ತದೆ. ಮುಗಿದ ಮೇಲೆ ‘-ಎನ್’ ಜಾಗದಲ್ಲಿ ‘-ಆರ್3’ ಹಾಕಿ ಅದೇ ಕಮಾಂಡ್ ಮತ್ತೆ ಕೊಟ್ಟರೆ ಉಳಿದ ಕೆಟ್ಟ ಸೆಕ್ಟರ್‌ಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಇದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ, ಅದನ್ನು ಬಿಡಬೇಡಿ. ಯಾವುದರಿಂದ, ಯಾವುದಕ್ಕೆ ಎಂಬ ಕ್ರಮ ತಿರುಗಿದರೆ ಇದ್ದದ್ದೂ ಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಒಮ್ಮೆ ಓದಿಕೊಳ್ಳಿ.

ಕರ್ನಲ್ ಏನು ಹೇಳಿದೆ

ಕಾರಣದ ಸುಳಿವು ಹೆಚ್ಚಿನ ಮಟ್ಟಿಗೆ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು) ಕೊಡುವ ಸಂದೇಶದಲ್ಲೇ ಇರುತ್ತದೆ. ಮಷಿನ್ ಏಳುತ್ತಿದ್ದರೆ ಹಿಂದಿನ ಸಲದ ದಾಖಲೆ ಹೀಗೆ ಸಿಗುತ್ತದೆ:

ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ -1

ಒಂದು ತೊಡಕಿದೆ. ರೂಟ್, ಅಂದರೆ ಸಿಸ್ಟಂ ಇರುವ ಮುಖ್ಯ ಪಾರ್ಟಿಷನ್ ‘ರೀಡ್ ಓನ್ಲಿ’ ಆದ ಮೇಲೆ ಈ ದಾಖಲೆಯನ್ನೂ ಡ್ರೈವ್‌ಗೆ ಬರೆಯಲಾಗುವುದಿಲ್ಲ. ಬೇಕಾದ ಸಾಲುಗಳೇ ಹೋಗಿರುತ್ತವೆ. ದೋಷ ಬಂದ ಗಳಿಗೆಯಲ್ಲಿ ಮಷಿನ್ ಬಂದ್ ಮಾಡದೆ ಟರ್ಮಿನಲ್‌ನಲ್ಲಿ ‘ಸುಡೊ ಡಿಎಂಇಎಸ್‌ಜಿ -ಟಿ’ (ಈ ‘ಟಿ’ ದೊಡ್ಡಕ್ಷರ) ಕೊಟ್ಟು, ಕೊನೆಯ ಎರಡು ಪರದೆಯಷ್ಟನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ರಿಪೇರಿಯವರ ಹತ್ತಿರ ಒಯ್ದರೂ ಈ ಫೋಟೊ ಕೆಲಸಕ್ಕೆ ಬರುತ್ತದೆ.

ಹುಡುಕಬೇಕಾದದ್ದು ‘ಎಕ್ಸ್ಟ್4-ಎಫ್‌ಎಸ್ ಎರರ್’ ಎಂಬ ಸಾಲನ್ನಲ್ಲ, ಅದಕ್ಕಿಂತ ಮೇಲೆ ಏನಿದೆ ಎಂಬುದನ್ನು. ಮೇಲೆ ‘ಐ/ಒ ಎರರ್, ಡೆವ್ ಎಸ್‌ಡಿಎ, ಸೆಕ್ಟರ್’ ಎಂದಿದ್ದು, ಜೊತೆಗೆ ‘ಯುಎನ್‌ಸಿ’ ಎಂಬ ಮೂರಕ್ಷರ ಇದ್ದರೆ ಡ್ರೈವ್‌ಗೆ ತನ್ನದೇ ಸೆಕ್ಟರ್ ಓದಲಾಗಿಲ್ಲ. ‘ಐಸಿಆರ್‌ಸಿ’ ಮತ್ತು ‘ಎಬಿಆರ್‌ಟಿ’ ಇದ್ದರೆ ಡೇಟಾ ದಾರಿಯಲ್ಲಿ ಕೆಟ್ಟಿದೆ, ಅಂದರೆ ಕೇಬಲ್ ಅಥವಾ ಕನೆಕ್ಟರ್. ‘ಎನ್‌ವಿಎಂಇ’ ಡ್ರೈವ್‌ನಲ್ಲಿ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ‘ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್’ ಎಂದರೆ ಡ್ರೈವ್ ನಿದ್ದೆಗೆ ಹೋಗಿ ಏಳಲಿಲ್ಲ. ಮೇಲೆ ಇಂಥ ಯಾವ ಸಾಲೂ ಇಲ್ಲದೆ ನೇರ ಎಕ್ಸ್ಟ್4 ದೋಷ, ಅದರಲ್ಲೂ ‘ಚೆಕ್‌ಸಮ್ ಇನ್‌ವ್ಯಾಲಿಡ್’ ಬಂದರೆ, ಅನುಮಾನ ರ‍್ಯಾಮ್ ಮೇಲೆ, ಇಲ್ಲವೇ ಹೈಬರ್ನೇಟ್ ಗೊಂದಲದ ಮೇಲೆ.

‘ರಿಕವರಿಂಗ್ ಜರ್ನಲ್’ ಕಂಡರೆ ಗಾಬರಿ ಬೇಡ. ಸರಿಯಾಗಿ ಬಂದ್ ಮಾಡದ ಮಷಿನ್ ಎದ್ದಾಗ ಮಾಡುವ ಸಹಜ ಕೆಲಸ ಅದು. ‘ಆರ್ಫನ್ ಐನೋಡ್’ ತೆಗೆದೆ ಎನ್ನುವುದೂ ಅದೇ ಜಾತಿ.

ದೋಷದ ಚರಿತ್ರೆ ಫೈಲ್ ಸಿಸ್ಟಂನಲ್ಲೂ ಇರುತ್ತದೆ:

ಸುಡೊ ಟ್ಯೂನ್2ಎಫ್‌ಎಸ್ -ಎಲ್ /ಡೆವ್/ಎಸ್‌ಡಿಎ2

ಇದರಲ್ಲಿ ‘ಎಫ್‌ಎಸ್ ಎರರ್ ಕೌಂಟ್’, ‘ಫಸ್ಟ್ ಎರರ್ ಟೈಮ್’, ‘ಲಾಸ್ಟ್ ಎರರ್ ಟೈಮ್’ ನೋಡಿ ಬರೆದಿಟ್ಟುಕೊಳ್ಳಿ. ಎಫ್‌ಎಸ್‌ಸಿಕೆ ಮಾಡಿದ ಕೂಡಲೇ ಇವು ಅಳಿಸಿಹೋಗುತ್ತವೆ. ಮೊದಲ ದೋಷದ ಹೊತ್ತು ಕರೆಂಟ್ ಹೋದ ಹೊತ್ತಿಗೆ, ಅಥವಾ ಹೊಸ ರ‍್ಯಾಮ್ ಹಾಕಿಸಿದ ದಿನಕ್ಕೆ ಕೂಡಿಬಂದರೆ ಅರ್ಧ ಕೆಲಸ ಮುಗಿಯಿತು.

ಡ್ರೈವ್ ಪರೀಕ್ಷೆ

ಸುಡೊ ಎಪಿಟಿ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್
ಸುಡೊ ಸ್ಮಾರ್ಟ್‌ಸಿಟಿಎಲ್ -ಎಕ್ಸ್ /ಡೆವ್/ಎಸ್‌ಡಿಎ

ಮೇಲೆಯೇ ‘ಪಾಸ್ಡ್’ ಎಂದು ಕಾಣುತ್ತದೆ. ಅದನ್ನು ನಂಬಿ ಮುಚ್ಚಿಡಬೇಡಿ. ನೂರಾರು ಕೆಟ್ಟ ಸೆಕ್ಟರ್ ಇರುವ ಡಿಸ್ಕ್ ಕೂಡ ‘ಪಾಸ್ಡ್’ ಎನ್ನಬಹುದು. ಕೆಳಗಿನ ಪಟ್ಟಿಯಲ್ಲಿ 5, 197, 198, 199 ಈ ನಾಲ್ಕು ಸಂಖ್ಯೆಯ ಸಾಲುಗಳನ್ನು ಹುಡುಕಿ, ಕೊನೆಯ ಕಾಲಂನ ‘ರಾ’ ಬೆಲೆ ಓದಿ.

5 ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು. ಒಂದೆರಡಿದ್ದು ಅಲ್ಲೇ ನಿಂತಿದ್ದರೆ ಕಾದು ನೋಡಬಹುದು, ವಾರದಿಂದ ವಾರಕ್ಕೆ ಏರಿದರೆ ಡಿಸ್ಕ್ ಬದಲಿಸಿ. 197 ಎಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, 198 ಎಂದರೆ ಪರೀಕ್ಷೆಯಲ್ಲೂ ಓದಲಾಗದವು. ಮರುಕಳಿಸುವ ದೋಷವಿದ್ದು ಇವೆರಡರಲ್ಲಿ ಸೊನ್ನೆ ಅಲ್ಲದ ಅಂಕಿ ಇದ್ದರೆ ಮುಂದಿನ ವಿಚಾರಣೆ ಬೇಕಿಲ್ಲ, ಡಿಸ್ಕೇ ಕಾರಣ. 199 ಕೇಬಲ್ಲಿನ ಲೆಕ್ಕ. ಇದು ಎಂದೂ ಕೆಳಗಿಳಿಯುವುದಿಲ್ಲ, ಹಳೆಯ ಅಂಕಿ ನೋಡಿ ಹೆದರಬೇಡಿ. ಇವತ್ತು ಬರೆದಿಟ್ಟು ನಾಲ್ಕು ದಿನ ಬಿಟ್ಟು ಹೆಚ್ಚಿದೆಯೇ ನೋಡಿ.

ಎನ್‌ವಿಎಂಇ ಆಗಿದ್ದರೆ ಈ ಸಂಖ್ಯೆಗಳಿರುವುದಿಲ್ಲ. ಅಲ್ಲಿ ‘ಕ್ರಿಟಿಕಲ್ ವಾರ್ನಿಂಗ್’ 0x00 ಇರಬೇಕು, ‘ಮೀಡಿಯಾ ಅಂಡ್ ಡೇಟಾ ಇಂಟಿಗ್ರಿಟಿ ಎರರ್ಸ್’ ಸೊನ್ನೆ ಇರಬೇಕು. ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಸಾಲು ನಮ್ಮ ಕಡೆಯ ಮಷಿನ್‌ಗಳಲ್ಲಿ ಬಹಳ ಮಾತಾಡುತ್ತದೆ: ಡ್ರೈವ್‌ಗೆ ಹೇಳದೆ ಕರೆಂಟ್ ಕಿತ್ತದ್ದು ಎಷ್ಟು ಸಲ ಎಂಬ ಲೆಕ್ಕ ಅದು.

ಬಳಿಕ ‘ಸುಡೊ ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್ /ಡೆವ್/ಎಸ್‌ಡಿಎ’ ಕೊಟ್ಟು ಪೂರ್ತಿ ಪರೀಕ್ಷೆ ಹಚ್ಚಿ. ಎಷ್ಟು ಹೊತ್ತು ಹಿಡಿಯುತ್ತದೆಂದು ಅದೇ ಹೇಳುತ್ತದೆ. ಹಾರ್ಡ್ ಡಿಸ್ಕಿಗೆ ಕೆಲವು ಗಂಟೆ ಬೇಕು. ಚಾರ್ಜರ್ ಹಚ್ಚಿರಲಿ, ಸಸ್ಪೆಂಡ್ ಆಗದಿರಲಿ. ಫಲಿತಾಂಶ ‘-ಎಲ್ ಸೆಲ್ಫ್‌ಟೆಸ್ಟ್’ನಲ್ಲಿ ಕಾಣುತ್ತದೆ. ‘ರೀಡ್ ಫೇಲ್ಯೂರ್’ ಎಂದು ಬಂದರೆ ಡ್ರೈವ್ ಹೋಯಿತು.

ಬಿಸಿಯನ್ನೂ ಇಲ್ಲೇ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಒಳಗಿನ ಹಾರ್ಡ್ ಡಿಸ್ಕ್, ಬಹುತೇಕ ಡಿಸ್ಕ್‌ಗಳ ಮಿತಿಯಾದ 60 ಡಿಗ್ರಿಗೆ ಸುಲಭವಾಗಿ ಹತ್ತಿರ ಬರುತ್ತದೆ. ಇಳಕಲ್, ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ನೂಲಿನ ಧೂಳು ಫ್ಯಾನಿನ ಹಿಂದಿನ ಹೀಟ್‌ಸಿಂಕ್ ರೆಕ್ಕೆಗಳ ಮೇಲೆ ತೆಳ್ಳನೆ ಕಂಬಳಿಯಂತೆ ಕೂತುಬಿಡುತ್ತದೆ. ಹೊರಗಿನಿಂದ ಊದಿದರೆ ಅದು ಹೋಗುವುದಿಲ್ಲ. ಫ್ಯಾನ್ ಬಿಚ್ಚಿ, ಒಳಬದಿಯಿಂದ ಬ್ರಷ್ಷಿನಲ್ಲಿ ಎತ್ತಿ ತೆಗೆಯಬೇಕು.

ಕನೆಕ್ಟರ್

199 ಏರುತ್ತಿದ್ದರೆ, ಅಥವಾ ಲ್ಯಾಪ್‌ಟಾಪ್ ಎತ್ತಿ ಅಲುಗಿಸಿದಾಗಲೇ ದೋಷ ಬರುತ್ತಿದ್ದರೆ, ಹಿಂಬದಿ ತೆಗೆಯಿರಿ. ಮೊದಲು ಬ್ಯಾಟರಿ ಕಳಚಿ. ಒಳಗಿನ ಬ್ಯಾಟರಿಯಾದರೆ ಅದರ ಕನೆಕ್ಟರ್ ಬಿಡಿಸಿ. ಎರಡೂವರೆ ಇಂಚಿನ ಡ್ರೈವ್ ಕೆಲವು ಮಾದರಿಗಳಲ್ಲಿ ನೇರ ಬೋರ್ಡಿಗೆ ಕೂಡುತ್ತದೆ, ಹಲವದರಲ್ಲಿ ನಡುವೆ ಚಪ್ಪಟೆ ಪಟ್ಟಿ ಕೇಬಲ್ ಇರುತ್ತದೆ. ಆ ಕೇಬಲ್ ಮಡಿಕೆಯ ಜಾಗದಲ್ಲಿ ಬಿಳಿಚಿಕೊಂಡಿದ್ದರೆ ಒಳಗಿನ ತಂತಿ ಸೀಳುತ್ತಿದೆ ಎಂದರ್ಥ. ಕೇಬಲ್ ಲ್ಯಾಪ್‌ಟಾಪ್ ಮಾದರಿಗೆ ತಕ್ಕಂತೆ ಬೇರೆ ಬೇರೆ. ಅದರ ಮೇಲೆ ಅಚ್ಚಾದ ಪಾರ್ಟ್ ನಂಬರ್ ನೋಡಿಯೇ ತರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ, ಖಾನಾಪುರ ಕಡೆ ತೇವ ಆರುವುದೇ ಇಲ್ಲ. ಆಗ ಚಿನ್ನದ ಬಣ್ಣದ ಸಂಪರ್ಕಗಳ ಮೇಲೆ ಮಂಕು ಪದರ ಕೂರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ 99 ಪ್ರತಿಶತದ್ದು, ನಾರು ಬಿಡದ ಬಟ್ಟೆ, ಒಂದೆರಡು ಸಲ ಹಗುರಾಗಿ ಒರೆಸಿ, ಹತ್ತು ನಿಮಿಷ ಒಣಗಲು ಬಿಟ್ಟು ಮತ್ತೆ ಕೂಡಿಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತದೆ. ಎಂ.2 ಡ್ರೈವ್ ಆದರೆ ಅದರ ತುದಿಯ ಪುಟ್ಟ ಸ್ಕ್ರೂ ಇದೆಯೇ ನೋಡಿ. ಸ್ಕ್ರೂ ಇಲ್ಲದೆ ಟೇಪ್ ಅಂಟಿಸಿದ್ದರೆ ಬಿಸಿಗೆ ಅದು ಸಡಿಲಾಗಿ ಡ್ರೈವ್ ಮೇಲೇಳುತ್ತದೆ.

ಎನ್‌ವಿಎಂಇ ಡ್ರೈವ್ ನಿದ್ದೆಯ ಸಮಸ್ಯೆಗೆ ಗ್ರಬ್ ಸೆಟ್ಟಿಂಗಿನಲ್ಲಿ, ಅಂದರೆ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನ ಕರ್ನಲ್ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟು ರೀಬೂಟ್ ಮಾಡಿ. ಡ್ರೈವ್ ಆಳದ ನಿದ್ದೆಗೆ ಹೋಗುವುದು ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ರ‍್ಯಾಮ್

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಹೊಸ ಡ್ರೈವ್ ಹಾಕಿಯೂ ದೋಷ ಹೋಗಲಿಲ್ಲವೆಂದು ಕೂರುತ್ತಾರೆ. ಡ್ರೈವ್‌ಗೆ ಹೋಗುವ ಪ್ರತಿ ಬೈಟೂ ರ‍್ಯಾಮ್ ದಾಟಿಯೇ ಹೋಗಬೇಕು. ಅಲ್ಲಿ ಒಂದು ಬಿಟ್ ತಿರುಗಿದರೆ ಡ್ರೈವ್ ಆ ತಪ್ಪನ್ನೇ ನಿಯತ್ತಾಗಿ ಬರೆದಿಡುತ್ತದೆ, ಸ್ಮಾರ್ಟ್‌ಸಿಟಿಎಲ್ ತೋರಿಸುವ ಅದರ ಪಟ್ಟಿ ಸ್ವಚ್ಛವಾಗಿಯೇ ಕಾಣುತ್ತದೆ.

ರ‍್ಯಾಮ್ ಅನುಮಾನ ತೂಗಲು ಒಂದು ಒಳ್ಳೆಯ ಉಪಾಯವಿದೆ. ಲೈವ್ ಯುಎಸ್‌ಬಿಯಲ್ಲಿ, ಪಾರ್ಟಿಷನ್ ಅನ್‌ಮೌಂಟ್ ಇರುವಾಗ:

ಸುಡೊ ಇ2ಎಫ್‌ಎಸ್‌ಸಿಕೆ -ಎಫ್ -ಎನ್ /ಡೆವ್/ಎಸ್‌ಡಿಎ2

‘-ಎನ್’ ಇದ್ದರೆ ಏನನ್ನೂ ಬರೆಯುವುದಿಲ್ಲ, ನೋಡಿ ಹೇಳುತ್ತದೆ ಅಷ್ಟೆ. ಬಂದ ಪಟ್ಟಿಯನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಉಳಿಸಿ, ಲೈವ್ ಯುಎಸ್‌ಬಿಗೇ ರೀಬೂಟ್ ಮಾಡಿ, ಮತ್ತೆ ಓಡಿಸಿ, ಎರಡನ್ನೂ ಹೋಲಿಸಿ. ಡ್ರೈವ್‌ನಲ್ಲಿ ಏನೂ ಬದಲಾಗಿಲ್ಲ, ಆದ್ದರಿಂದ ಎರಡೂ ಪಟ್ಟಿ ಅಕ್ಷರಶಃ ಒಂದೇ ಇರಬೇಕು. ಬೇರೆ ಬೇರೆ ಬಂದರೆ ಓದುವ ದಾರಿಯಲ್ಲೇ, ಅಂದರೆ ರ‍್ಯಾಮ್‌ನಲ್ಲೋ ಕೇಬಲ್ಲಿನಲ್ಲೋ ಡ್ರೈವ್‌ನಲ್ಲೋ ತೊಂದರೆ ಇದೆ. ಪಟ್ಟಿ ಉದ್ದ ಇತ್ತೆಂದು ಮಾತ್ರ ಹೆದರಬೇಡಿ: ‘-ಎನ್’ ಹಾಕಿದಾಗ ಬಾಕಿ ಜರ್ನಲ್ ಸೇರಿಸಿಕೊಳ್ಳದೆ ಪರೀಕ್ಷಿಸುವುದರಿಂದ, ಇಲ್ಲದ ದೋಷಗಳೂ ಕಾಣಬಹುದು.

ನಿಜವಾದ ಪರೀಕ್ಷೆ ಮೆಮ್‌ಟೆಸ್ಟ್86+. ಆರನೇ ಆವೃತ್ತಿಯಿಂದ ಇದು ಯುಇಎಫ್‌ಐ ಮಷಿನ್‌ಗಳಲ್ಲೂ ನಡೆಯುತ್ತದೆ. ತೆರೆಯದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ರಾತ್ರಿ ಹಚ್ಚಿಟ್ಟು, ಕನಿಷ್ಠ ನಾಲ್ಕು ಪಾಸ್ ಮುಗಿಯಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಕೆಟ್ಟಂತೆಯೇ. ರ‍್ಯಾಮ್ ಪಟ್ಟಿ ಎರಡಿದ್ದರೆ ಒಂದನ್ನು ತೆಗೆದು, ಒಂದೊಂದೇ ಹಾಕಿ ಪರೀಕ್ಷಿಸಿ. ಆಮೇಲೆ ಒಳ್ಳೆಯ ಪಟ್ಟಿಯನ್ನೇ ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ, ಸ್ಲಾಟ್ ಕೆಟ್ಟಿರುವುದೂ ಉಂಟು.

ಕರೆಂಟ್ ಮತ್ತು ಬ್ಯಾಟರಿ

ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಚಾರ್ಜರ್ ಮೇಲೆಯೇ ಓಡಿಸುವುದು ಸೆಕೆಂಡ್ ಹ್ಯಾಂಡ್ ಮಷಿನ್ ಬಳಸುವ ಮನೆಗಳಲ್ಲಿ ಸಾಮಾನ್ಯ. ತೋಟದ ಮನೆಯಲ್ಲಿ ಪಂಪ್‌ಸೆಟ್ ಚಾಲೂ ಆದಾಗ ಒಂದು ಕ್ಷಣ ವೋಲ್ಟೇಜ್ ಬಿದ್ದರೂ ಸಾಕು, ಮಷಿನ್ ಬಂದ್. ಸಾಮಾನ್ಯವಾಗಿ ಜರ್ನಲ್ ಇದನ್ನು ತಡೆದುಕೊಳ್ಳುತ್ತದೆ. ಆದರೆ ‘ಬರೆದಾಯಿತು’ ಎಂದು ಹೇಳಿ ಇನ್ನೂ ಕ್ಯಾಶ್‌ನಲ್ಲೇ (ತಾತ್ಕಾಲಿಕ ನೆನಪಿನಲ್ಲೇ) ಇಟ್ಟುಕೊಂಡಿರುವ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಜರ್ನಲ್ಲಿನ ಕ್ರಮವೇ ತಪ್ಪುತ್ತದೆ. ಅಲ್ಲಿಂದ ದೋಷ ಶುರು.

ಬ್ಯಾಟರಿಯ ಗತಿ ‘ಯುಪವರ್ -ಡಿ’ ಎಂದರೆ ಕಾಣುತ್ತದೆ. ‘ಎನರ್ಜಿ-ಫುಲ್’ ಎಂಬುದು ‘ಎನರ್ಜಿ-ಫುಲ್-ಡಿಸೈನ್’ನ ಅರ್ಧಕ್ಕಿಂತ ಕೆಳಗಿದ್ದರೆ ಶೇಕಡಾ ಲೆಕ್ಕವನ್ನು ನಂಬುವಂತಿಲ್ಲ. ಸಿಸ್ಟಂ ತಾನಾಗಿ ಬಂದ್ ಮಾಡುವುದು 2 ಪ್ರತಿಶತಕ್ಕೆ; ಮುದಿ ಬ್ಯಾಟರಿ 10ಕ್ಕೇ ಕೈಬಿಟ್ಟಿರುತ್ತದೆ. ‘/ಇಟಿಸಿ/ಯುಪವರ್/ಯುಪವರ್.ಕಾನ್ಫ್’ ಫೈಲ್ ತೆರೆದು (ಎರಡೂ ಕಡೆ ‘ಯು’, ‘ಪಿ’ ದೊಡ್ಡಕ್ಷರ) ‘ಪರ್ಸೆಂಟೇಜ್‌ಲೋ’ 30, ‘ಪರ್ಸೆಂಟೇಜ್‌ಕ್ರಿಟಿಕಲ್’ 20, ‘ಪರ್ಸೆಂಟೇಜ್‌ಆ್ಯಕ್ಷನ್’ 15 ಮಾಡಿ, ‘ಕ್ರಿಟಿಕಲ್‌ಪವರ್‌ಆ್ಯಕ್ಷನ್’ ಎದುರು ‘ಪವರ್‌ಆಫ್’ (‘ಪಿ’ ಮತ್ತು ಮೊದಲ ‘ಎಫ್’ನ ಹಿಂದಿನ ‘ಒ’ ದೊಡ್ಡಕ್ಷರ) ಹಾಕಿ. ಮೂರೂ ಅಂಕಿ ಇಳಿಯುವ ಕ್ರಮದಲ್ಲೇ ಇರಬೇಕು, ಇಲ್ಲವಾದರೆ ಸಿಸ್ಟಂ ನಿಮ್ಮದನ್ನು ಬಿಟ್ಟು ಹಳೆಯದನ್ನೇ ಹಿಡಿಯುತ್ತದೆ. ಆಮೇಲೆ ‘ಸುಡೊ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಯುಪವರ್’.

ಬ್ಯಾಟರಿ ಪೂರ್ತಿ ಸತ್ತಿದ್ದರೆ ಸೆಟ್ಟಿಂಗಿನಿಂದ ಏನೂ ಆಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿ, ಇಲ್ಲವೇ ಯುಪಿಎಸ್ ಮೇಲೆ ಓಡಿಸಿ. ಅಲ್ಲಿಯವರೆಗೆ ‘ಸುಡೊ ಎಚ್‌ಡಿಪಾರ್ಮ್ -ಡಬ್ಲ್ಯು0 /ಡೆವ್/ಎಸ್‌ಡಿಎ’ (‘ಡಬ್ಲ್ಯು’ ದೊಡ್ಡಕ್ಷರ) ಕೊಟ್ಟು ಸಾಟಾ ಡ್ರೈವಿನ ಬರೆಯುವ ಕ್ಯಾಶ್ ಆಫ್ ಮಾಡಬಹುದು. ವೇಗ ಇಳಿಯುತ್ತದೆ, ಪ್ರತಿ ಬೂಟ್‌ಗೂ ಮತ್ತೆ ಕೊಡಬೇಕಾಗಬಹುದು. ‘/ಇಟಿಸಿ/ಎಫ್‌ಎಸ್‌ಟ್ಯಾಬ್’ನಲ್ಲಿ ವೇಗಕ್ಕೆಂದು ಯಾರಾದರೂ ‘ನೊಬ್ಯಾರಿಯರ್’ ಅಥವಾ ‘ಬ್ಯಾರಿಯರ್=0’ ಸೇರಿಸಿದ್ದರೆ ಮೊದಲು ಅದನ್ನು ಅಳಿಸಿ. ಹಾಗೇ ಆ ಸಾಲಿನ ಕೊನೆಯ ಅಂಕಿ ನೋಡಿ: ರೂಟ್‌ಗೆ 1, ಉಳಿದ ಎಕ್ಸ್ಟ್4 ಪಾರ್ಟಿಷನ್‌ಗಳಿಗೆ 2 ಇರಬೇಕು. 0 ಇದ್ದರೆ ಬೂಟ್ ಆಗುವಾಗ ಪರೀಕ್ಷೆಯೇ ನಡೆಯುವುದಿಲ್ಲ.

ಮಷಿನ್ ಜಾಮ್ ಆದಾಗ ಪವರ್ ಬಟನ್ ಒತ್ತಿಹಿಡಿಯುವುದು ಕರೆಂಟ್ ಹೋದದ್ದಕ್ಕೆ ಸಮ. ಉಬುಂಟುವಿನಲ್ಲಿ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀ ಒತ್ತಿಹಿಡಿದು, ಎಸ್, ಯು, ಬಿ ಕೀಗಳನ್ನು ಎರಡೆರಡು ಸೆಕೆಂಡ್ ಬಿಟ್ಟು ಒಂದಾದ ಮೇಲೊಂದು ಒತ್ತಿ. ಬಾಕಿ ಡೇಟಾ ಡ್ರೈವ್‌ಗೆ ಹೋಗುತ್ತದೆ, ಪಾರ್ಟಿಷನ್ ರೀಡ್ ಓನ್ಲಿ ಆಗುತ್ತದೆ, ಬಳಿಕ ರೀಬೂಟ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಯೂ ಬೇಕು.

ಡ್ಯುಯಲ್ ಬೂಟ್ ಇದ್ದರೆ

ಲಿನಕ್ಸ್ ಹೈಬರ್ನೇಟ್ ಮಾಡಿ, ನಡುವೆ ಲೈವ್ ಯುಎಸ್‌ಬಿಯಿಂದಲೋ ಇನ್ನೊಂದು ಲಿನಕ್ಸ್‌ನಿಂದಲೋ ಅದೇ ಪಾರ್ಟಿಷನ್ ಮೌಂಟ್ ಮಾಡಿ ಬರೆದರೆ, ಮೊದಲಿನದು ಎದ್ದಾಗ ನೆನಪಿನಲ್ಲಿರುವ ಹಳೆಯ ಚಿತ್ರವನ್ನೇ ಡ್ರೈವ್ ಮೇಲೆ ಬರೆಯುತ್ತದೆ. ಎಲ್ಲ ಹಾರ್ಡ್‌ವೇರ್ ಸರಿ ಇದ್ದೂ ದೋಷ ಬರುವ ಸ್ಪಷ್ಟ ದಾರಿ ಇದು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಕೂಡ ಅರ್ಧ ಹೈಬರ್ನೇಟೇ. ವಿಂಡೋಸ್‌ನಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಎರಡೂ ಬಂದ್. ಎನ್‌ಟಿಎಫ್‌ಎಸ್ ಪಾರ್ಟಿಷನ್ ಕೆಟ್ಟರೆ ಅದನ್ನು ವಿಂಡೋಸ್‌ನ ‘ಚೆಕ್‌ಡಿಸ್ಕ್’ (ಟೈಪ್ ಮಾಡುವುದು ಸಿಎಚ್‌ಕೆಡಿಎಸ್‌ಕೆ) ಕಮಾಂಡ್‌ನಿಂದಲೇ ಸರಿಮಾಡಿಸಿ.

ಈಗ ಎಫ್‌ಎಸ್‌ಸಿಕೆ

ಕಾರಣ ಸಿಕ್ಕು, ಸರಿಯಾದ ಮೇಲೆ, ಲೈವ್ ಯುಎಸ್‌ಬಿಯಿಂದ, ಪಾರ್ಟಿಷನ್ ಅನ್‌ಮೌಂಟ್ ಮಾಡಿ:

ಸುಡೊ ಇ2ಎಫ್‌ಎಸ್‌ಸಿಕೆ -ಎಫ್ -ವೈ /ಡೆವ್/ಎಸ್‌ಡಿಎ2
ಎಕೋ $?

ಎರಡನೇ ಸಾಲು ಕೊಡುವ ಅಂಕಿ ಮುಖ್ಯ. 0 ಎಂದರೆ ದೋಷವಿಲ್ಲ, 1 ಎಂದರೆ ಸರಿಪಡಿಸಿತು, 4 ಎಂದರೆ ಇನ್ನೂ ಉಳಿದಿದೆ, 8 ಎಂದರೆ ಕಮಾಂಡೇ ಕೆಲಸ ಮಾಡಲಿಲ್ಲ. 1 ಬಂದರೆ ತಕ್ಷಣ ಇನ್ನೊಮ್ಮೆ ಓಡಿಸಿ. ಎರಡನೇ ಸಲ 0 ಬರಬೇಕು. ಹೊಸ ದೋಷ ತೋರಿಸಿದರೆ ಮೂಲ ಇನ್ನೂ ಸಿಕ್ಕಿಲ್ಲ, ಮೇಲಿನ ಪರೀಕ್ಷೆಗಳಿಗೆ ಹಿಂತಿರುಗಿ. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಇದನ್ನು ಎಂದೂ ಓಡಿಸಬೇಡಿ. ಎಚ್ಚರಿಕೆ ಕೊಟ್ಟು ಕೇಳಿದಾಗ ‘ನೋ’ ಎನ್ನಿ.

‘ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್‌ಬ್ಲಾಕ್’ ಎಂದರೆ ಮೊದಲು ಪಾರ್ಟಿಷನ್ ಹೆಸರು ತಪ್ಪಿದೆಯೇ ನೋಡಿ. ಸರಿ ಇದ್ದರೆ, 4 ಕೆಬಿ ಬ್ಲಾಕಿನ ಎಕ್ಸ್ಟ್4ನಲ್ಲಿ ‘-ಬಿ 32768’ ಸೇರಿಸಿ ಮೀಸಲು ಸೂಪರ್‌ಬ್ಲಾಕ್‌ನಿಂದ (ಫೈಲ್ ಸಿಸ್ಟಂನ ಮೂಲ ವಿವರದ ಇನ್ನೊಂದು ಪ್ರತಿ) ಓಡಿಸಬಹುದು.

ಹೆಸರು ಕಳಕೊಂಡ ಫೈಲುಗಳು ‘ಲಾಸ್ಟ್+ಫೌಂಡ್’ ಫೋಲ್ಡರಿನಲ್ಲಿ # ಗುರುತು ಮತ್ತು ಅಂಕಿಯ ಹೆಸರಿನಲ್ಲಿ ಬಿದ್ದಿರುತ್ತವೆ. ‘ಫೈಲ್’ ಕಮಾಂಡ್ ಕೊಟ್ಟರೆ ಯಾವುದು ಫೋಟೊ, ಯಾವುದು ಪಿಡಿಎಫ್ ಎಂದು ತಿಳಿಯುತ್ತದೆ. ಸಿಸ್ಟಂ ಫೈಲುಗಳು ಕೆಟ್ಟಿವೆಯೇ ಎಂದು ನೋಡಲು, ಮಷಿನ್ ಎದ್ದ ಮೇಲೆ ‘ಸುಡೊ ಡೆಬ್‌ಸಮ್ಸ್ -ಎಸ್’ ಕೊಡಿ. ಯಾವ ಪ್ಯಾಕೇಜ್ ಹೆಸರು ಬರುತ್ತದೋ ಅದನ್ನು ‘ಎಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಮಾಡಿ.

ಫೆಡೋರಾದಲ್ಲಿ 2020ರ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪ್‌ಗೆ ಬಿಟಿಆರ್‌ಎಫ್‌ಎಸ್ ಬರುತ್ತದೆ. ಅದಕ್ಕೆ ‘ಬಿಟಿಆರ್‌ಎಫ್‌ಎಸ್ ಸ್ಕ್ರಬ್ ಸ್ಟಾರ್ಟ್ /’ ಮತ್ತು ‘ಬಿಟಿಆರ್‌ಎಫ್‌ಎಸ್ ಡಿವೈಸ್ ಸ್ಟ್ಯಾಟ್ಸ್ /’ ನೋಡಿ. ‘ಚೆಕ್ --ರಿಪೇರ್’ ಹಾಕಬೇಡಿ, ಇದ್ದದ್ದನ್ನೂ ಕೆಡಿಸಬಲ್ಲದು. ಎಕ್ಸ್‌ಎಫ್‌ಎಸ್‌ಗೆ ‘ಎಕ್ಸ್‌ಎಫ್‌ಎಸ್_ರಿಪೇರ್’ ಇದೆ. ಅದರ ದೊಡ್ಡಕ್ಷರದ ‘-ಎಲ್’ ಬಾಕಿ ಲಾಗನ್ನೇ ಎಸೆಯುತ್ತದೆ, ಬೇರೆ ದಾರಿ ಇಲ್ಲದಾಗ ಮಾತ್ರ.

ಡ್ರೈವ್ ಬದಲಿಸಬೇಕಾಗಿ ಬಂದರೆ ಹಳೆಯ ಸಿಸ್ಟಂ ಕ್ಲೋನ್ ಮಾಡಬೇಡಿ, ಕೆಟ್ಟ ಫೈಲುಗಳೂ ಜೊತೆಗೆ ಬರುತ್ತವೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ಹೋಮ್ ಫೋಲ್ಡರ್ ಮಾತ್ರ ತಂದುಕೊಳ್ಳಿ. ಬಹಳ ಅಗ್ಗಕ್ಕೆ ಸಿಕ್ಕ ಡ್ರೈವ್ ಆದರೆ ಬಳಸುವ ಮೊದಲು ‘ಎಫ್3ರೈಟ್’, ‘ಎಫ್3ರೀಡ್’ ಓಡಿಸಿ, ಹೇಳಿದಷ್ಟು ಜಾಗ ನಿಜವಾಗಿ ಇದೆಯೇ ನೋಡಿ. ಹೊಸದಾದರೂ ಮೊದಲ ತಿಂಗಳು ವಾರಕ್ಕೊಮ್ಮೆ ‘ಟ್ಯೂನ್2ಎಫ್‌ಎಸ್ -ಎಲ್’ ಕೊಟ್ಟು ನೋಡುತ್ತಿರಿ. ‘ಎಫ್‌ಎಸ್ ಎರರ್ ಕೌಂಟ್’ ಎಂಬ ಸಾಲೇ ಕಾಣದಿದ್ದರೆ ದೋಷ ದಾಖಲಾಗಿಲ್ಲ.